ಆ ಗಿಳಿಗೆ ಕಾಳು ಹಾಕುವವರು ಯಾರು?

ಪ್ರೀತಿಯ ತಮ್ಮ,

ನಿನ್ನ ಕಾದಂಬರಿ ಓದಿ ಮುಗಿಸಿ ಒಂದು ವಾರವಾಯ್ತು. "ಬರೆಯುವುದನ್ನೇ ಬಿಟ್ಟುಬಿಡಲಾ?" ಅಂತ ನಿನ್ನ ಕಾಗದದ ಕೊನೆಯಲ್ಲಿ ಕೇಳಿದ್ದೀಯಲ್ಲ, ಅದಕ್ಕೆ ಸಿಟ್ಟು ಬಂದು ಸುಮ್ನೆ ಕೂತಿದ್ದೆ. ಹುಡುಗ ಅಪ್ಪನ ಚಪ್ಪಲಿಗೆ ಕಾಲು ತೂರಿಸಿ, ಅದು ಸರಿಹೋಗಿದ್ದಕ್ಕೇ ಹೆದರಿ ತೆಗೆದಿಡುವ ಪುಟ ಇದೆ. ಅದನ್ನು ಬರೆದವನು ಕೇಳುವ ಮಾತಾ ಇದು?

ಕಾಗುಣಿತ, ಅಧ್ಯಾಯದ ಉದ್ದ ಎಲ್ಲ ಯಾರಾದರೂ ತಿದ್ದಿಕೊಡುತ್ತಾರೆ, ಬಿಡು. ನನ್ನ ಜಗಳ ಗಿಳಿಯ ಜೊತೆ. ಪಂಜರದ ಗಿಳಿ 11 ಸಲ ಬರುತ್ತದೆ, ಎಣಿಸಿದ್ದೇನೆ. ಅಪ್ಪ ಬೈದಾಗ ಬರುತ್ತದೆ, ಪರೀಕ್ಷೆಯಲ್ಲಿ ಫೇಲಾದಾಗ ಬರುತ್ತದೆ, ಪ್ರೀತಿ ಮುರಿದಾಗಲೂ ಹಾಜರ್. ಒಂದು ಸಲವೂ ಯಾರೂ ಅದಕ್ಕೆ ಕಾಳು ಹಾಕುವುದಿಲ್ಲ, ಪಂಜರ ತೊಳೆಯುವುದಿಲ್ಲ. ಹಸಿವೇ ಇಲ್ಲದ ಗಿಳಿ ಅದೆಂಥದ್ದಪ್ಪ?

ಅಮೆರಿಕದ ಲೇಖಕ ಸ್ಯಾಲಿಂಜರ್ 1951ರಲ್ಲಿ ತಂದ 'ದಿ ಕ್ಯಾಚರ್ ಇನ್ ದಿ ರೈ' ಕಾದಂಬರಿಯ ಕೆಂಪು ಟೋಪಿ ನೆನಪು ಮಾಡಿಕೋ. ಅದರಲ್ಲಿನ ಹುಡುಗ ತನ್ನ ತಂಡದ ಕತ್ತಿವರಸೆ ಸಾಮಾನನ್ನೆಲ್ಲ ರೈಲಿನಲ್ಲೇ ಮರೆತು ಇಳಿದು, ಆಮೇಲೆ ಒಂದು ಡಾಲರಿಗೆ ಕೊಂಡದ್ದು ಅದು. ತಿರುಗಿಸಿ ಹಾಕಿಕೊಳ್ಳುತ್ತಾನೆ, ತಂಗಿಗೆ ಕೊಡುತ್ತಾನೆ, ಕೊನೆಗೆ ಅವಳೇ ಅದನ್ನು ಅವನ ತಲೆಗಿಡುತ್ತಾಳೆ. ಹೀಗೆ ಓಡಾಡಿ ಓಡಾಡಿಯೇ ಅಗ್ಗದ ಟೋಪಿಗೆ ಅಷ್ಟು ತೂಕ ಬಂತು.

ನನ್ನದೂ ಒಂದು ಹಳೇ ಗಾಯ ಇದೆ. ಮೊದಲ ಪುಸ್ತಕದಲ್ಲಿ ಒಂದು ಸೈಕಲ್ ಇತ್ತು. ಹುಡುಗಿ ಕೆಲಸಕ್ಕೆ ಹೋಗಬೇಕಿತ್ತು, ಅದಕ್ಕೆ ಇಟ್ಟಿದ್ದೆ, ಅಷ್ಟೇ. ಒಬ್ಬ ವಿಮರ್ಶಕರು ಅದನ್ನು ಬಿಡುಗಡೆಯ ಸಂಕೇತ ಅಂತ ಹೊಗಳಿದರು. ಉಬ್ಬಿಹೋದೆ. ಮುಂದಿನ ಪುಸ್ತಕಕ್ಕೆ ಕಿಟಕಿ, ಸೇತುವೆ, ಗಾಳಿಪಟ ಎಲ್ಲ ತುರುಕಿದೆ. ಅವರು ಅದನ್ನು ಓದಲೇ ಇಲ್ಲ. ನನಗೂ ಇವತ್ತಿನವರೆಗೆ ತೆರೆದು ನೋಡುವ ಧೈರ್ಯ ಬಂದಿಲ್ಲ.

ಇನ್ನು ಆ ಕೊನೆಯ ಅಧ್ಯಾಯ. ಹುಡುಗ ಪಂಜರದ ಬಾಗಿಲು ತೆಗೆಯುತ್ತಾನೆ, ಗಿಳಿ ಆಕಾಶಕ್ಕೆ, ಇವನು ಬಸ್ಸಿಗೆ. ಇಷ್ಟು ಸಲೀಸಾ? ಪಂಜರದಲ್ಲೇ ಬೆಳೆದ ಹಕ್ಕಿಯ ರೆಕ್ಕೆಗೆ ಕಸುವು ಕಮ್ಮಿ, ಹೊರಗೆ ಮೇವು ಹುಡುಕುವುದೂ ಗೊತ್ತಿರುವುದಿಲ್ಲ. ಬಾಗಿಲು ತೆಗೆದರೂ ಅಲ್ಲೇ ಕೂತಿದ್ದರೆ? ಬಸ್ಸಿಗೆ ಹೊತ್ತಾಗುತ್ತಿದೆ, ಗಿಳಿ ಕದಲುತ್ತಿಲ್ಲ, ನಾಳೆಯಿಂದ ಅದಕ್ಕೆ ಕಾಳು ಹಾಕಬೇಕಾದವನು ಅಪ್ಪ. ವರ್ಷದಿಂದ ಮಾತು ಬಿಟ್ಟ ಅಪ್ಪನನ್ನು ಎಬ್ಬಿಸಿ ಅದನ್ನು ಹೇಳಬೇಕಲ್ವಾ ಅವನು? ಹೇಳುತ್ತಾನಾ? ನನಗೆ ನಿಜಕ್ಕೂ ಗೊತ್ತಿಲ್ಲ, ಓದಬೇಕು ಅನ್ನಿಸುತ್ತಿದೆ.

ಆ ಅಧ್ಯಾಯ ಮಾತ್ರ ಮತ್ತೆ ಬರೆದು ಕಳಿಸು. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಇರಲಿ, ಕಣ್ಣು ಮೊದಲಿನಂತಿಲ್ಲ.

ನಿನ್ನ ಅಣ್ಣ