ಗುಣವಾದೆ, ಎಲ್ಲರಿಗೂ ಧನ್ಯವಾದ

ಮೊನ್ನೆ ಸ್ಕ್ಯಾನ್ ನೋಡಿದ ಡಾಕ್ಟರು, ಉರಿಯೂತ (ಪ್ಯಾಂಕ್ರಿಯಾಟೈಟಿಸ್) ಆಗಿದ್ದ ಮೇದೋಜೀರಕ ಗ್ರಂಥಿ ಪೂರ್ತಿ ಸರಿಯಾಗಿದೆ ಅಂದರು. ಬದಿಯಡ್ಕದಿಂದ ಮಂಗಳೂರಿನವರೆಗೆ ಎಷ್ಟೋ ಜನ ನನ್ನ ಕೈ ಹಿಡಿದಿದ್ದಾರೆ. ಅವರಿಗೆಲ್ಲ ಒಟ್ಟಿಗೆ ಹೇಳಲು ಈ ಬರಹ.

ಮೊದಲು ಆಂಬುಲೆನ್ಸ್ ಓಡಿಸಿದ ಹುಡುಗನಿಗೆ. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಇರಿಯುತ್ತಿತ್ತು. ಮಲಗಲೂ ಆಗದೆ ಮುಂದಕ್ಕೆ ಬಾಗಿ ಕೂತಿದ್ದ ನನ್ನನ್ನು ತಲಪಾಡಿ ಗಡಿ ದಾಟಿಸಿ ಬೇಗ ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ. ರಕ್ತದಲ್ಲಿ ಲೈಪೇಸ್ (ಈ ಗ್ರಂಥಿಯ ಜೀರ್ಣರಸದ ಒಂದು ಅಂಶ) ಇರಬೇಕಾದ್ದಕ್ಕಿಂತ 3 ಪಟ್ಟಿಗೂ ಜಾಸ್ತಿ ಇತ್ತು. ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಬಂದದ್ದೇ ಕಾರಣ. ಇದು ಕುಡಿಯುವವರಿಗೆ ಮಾತ್ರ ಬರುವ ಕಾಯಿಲೆ ಅಂತ ನಂಬಿದವರು ನಮ್ಮಲ್ಲಿ ಬಹಳ. ಡಾಕ್ಟರು ಹೊರಗೆ ಬಂದು ನೆಂಟರಿಗೆಲ್ಲ ಕಲ್ಲಿನ ವಿಷಯ ಬಿಡಿಸಿ ಹೇಳಿದರು. ಆ ಮಾತಿನಿಂದ ನನ್ನ ಹೆಂಡತಿಗೆ ಎಷ್ಟು ಸಮಾಧಾನವಾಯಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಡ್ರಿಪ್, ನೋವಿನ ಮದ್ದು, ವಾಂತಿ ನಿಂತ ಕೂಡಲೇ ಮೆತ್ತನೆಯ ಊಟ, ಆಮೇಲೆ ಪಿತ್ತಕೋಶ ತೆಗೆಯುವ ಆಪರೇಷನ್. ಜೀವ ಉಳಿದದ್ದು ಅಲ್ಲಿ.

ಮನೆಗೆ ಬಂದ ಮೇಲೆ ನಮ್ಮೂರಿನ ಆಯುರ್ವೇದ ವೈದ್ಯರು ಮಾಡಿದ ಉಪಕಾರ ಇನ್ನೊಂದು ಬಗೆಯದು. ಹೋದವನಿಗೆ ಮದ್ದು ಕೊಡಲಿಲ್ಲ, ಡಿಸ್ಚಾರ್ಜ್ ಕಾಗದ ಕೇಳಿದರು. ಪೂರ್ತಿ ಓದಿ, ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿಸಿ ಮಾತಾಡಿದರು. ಜೀರಕಾರಿಷ್ಟ ಜೀರ್ಣಕ್ಕೆ ಒಳ್ಳೆಯದು ಅಂತ ಯಾರೋ ತಂದಿಟ್ಟಿದ್ದರು. ಅರಿಷ್ಟ, ಆಸವಗಳು ಹುಳಿಯುವಾಗ ತಾವಾಗಿಯೇ ಮದ್ಯಾಂಶ ಹುಟ್ಟುತ್ತದೆ, ನಿಮಗೆ ಬೇಡವೇ ಬೇಡ ಅಂದರು. ತುಪ್ಪದಲ್ಲಿ ಮಾಡಿದ ಘೃತಗಳೂ ಬೇಡ. ಮತ್ತೆ ನೋವು, ವಾಂತಿ, ಜ್ವರ ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಅಂತ ನನ್ನ ಹೆಂಡತಿಗೆ ಎರಡು ಸಲ ಹೇಳಿದರು. ತನ್ನ ಮದ್ದು ಎಲ್ಲಿ ಬೇಡ ಅಂತ ಹೇಳಬಲ್ಲ ವೈದ್ಯರು ನಮ್ಮೂರಲ್ಲಿದ್ದಾರೆ ಅನ್ನುವುದು ದೊಡ್ಡ ಧೈರ್ಯ, ಅಲ್ವಾ?

ಅವರೂ ಆಸ್ಪತ್ರೆಯ ಡಯಟಿಷಿಯನ್ನೂ ಸೇರಿ ಒಪ್ಪಿದ್ದು ಎಣ್ಣೆ, ಜಿಡ್ಡು ಕಡಿಮೆಯ ಊಟ. ನಮ್ಮೂರಲ್ಲಿ ತೆಂಗಿನಕಾಯಿ ಇಲ್ಲದೆ ಅಡುಗೆ ಮಾಡುವುದೆಂದರೆ ಸುಮ್ನೆ ಮಾತಲ್ಲ. ಅದನ್ನು ಸಾಧಿಸಿದ್ದು ಅತ್ತಿಗೆ. ಒಂದೆಲಗದ ತಂಬುಳಿಗೆ ಕಾಯಿಯ ಬದಲು ಬೇಯಿಸಿದ ಹೆಸರುಬೇಳೆ ಅರೆದು ಹಾಕಿದರು. ಬೆಣ್ಣೆ ತೆಗೆದ ಮಜ್ಜಿಗೆ, ಹುರಿದ ಜೀರಿಗೆ, ಒಗ್ಗರಣೆ ಇಲ್ಲ. ಸಾಂಬ್ರಾಣಿ ಎಲೆಯ (ದೊಡ್ಡಪತ್ರೆ) ತಂಬುಳಿಯೂ ಹಾಗೆಯೇ. ಜೊತೆಗೆ ಚೆನ್ನಾಗಿ ಬೆಂದ ಗಂಜಿ, ಸೌತೆಯ ಬೋಳು ಹುಳಿ (ಕಾಯಿ ಹಾಕದ ಸಾಂಬಾರು). ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ. ತಂಬುಳಿಯಿಂದ ಕಾಯಿಲೆ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಊಟ ಅಂದರೆ ಹೆದರುತ್ತಿದ್ದ ನನಗೆ ಬಾಯಿರುಚಿ ಮರಳಿದ್ದು ಅದರಿಂದಲೇ.

ಪಕ್ಕದ ಬ್ಯಾರಿ ಮನೆಯವರನ್ನೂ ನೆನೆಯಬೇಕು. ರಂಜಾನ್ ತಿಂಗಳಲ್ಲಿ ಗಂಜಿಗೆ ತೆಂಗಿನ ಹಾಲು ಸೇರಿಸುವ ಮೊದಲೇ ನನ್ನ ಪಾಲು ಬೇರೆ ತೆಗೆದಿಟ್ಟು, ಮಗನ ಕೈಯಲ್ಲಿ ಕಳಿಸುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ, ಅತ್ತಿಗೆಯ ಹತ್ತಿರ ತಾವೇ ಕೇಳಿ ತಿಳಿದುಕೊಂಡಿದ್ದರಂತೆ.