ಕಪಾಟಿನಲ್ಲಿಟ್ಟ ನಾಲ್ಕು ಗುಳಿಗೆ

ಧಾರವಾಡ, ಭಾನುವಾರ

ಚಿ. ಸೌ. ಸರೂಗೆ ಚಿಗವ್ವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಲುಬು ಸೊರಗಿದ್ದಕ್ಕೆ ಎಲುಬಿನ ಡಾಕ್ಟರು ಬರೆದುಕೊಟ್ಟ ಅಲೆಂಡ್ರೊನೇಟ್ ಗುಳಿಗೆ ಎರಡು ತಿಂಗಳಿಂದ ಕಪಾಟಿನಲ್ಲೇ ಇದೆ ಅಂತ ನೀನು ಹೇಳಿದಾಗ ಎದೆ ಧಸಕ್ಕೆಂದಿತು. ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಹಾರಿ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಧಾನ ಓದು.

ನೀನು ಹೆದರಿದ್ದು ತಪ್ಪಲ್ಲ. ಆ ಗುಳಿಗೆಯಿಂದ ದವಡೆ ಎಲುಬು ಕೊಳೆಯುತ್ತದೆ, ತೊಡೆ ಎಲುಬು ತಾನಾಗೇ ಮುರಿಯುತ್ತದೆ ಅಂತ ಓದಿದರೆ ಯಾರಿಗಾದರೂ ಕೈ ನಡುಗುತ್ತದೆ. ನಾನೂ ಅದೇ ಗುಳಿಗೆಯನ್ನು ಐದು ವರ್ಷ ನುಂಗಿದವಳು, ಶುರು ಮಾಡುವ ಮೊದಲು ನನಗೂ ಇದೇ ಹೆದರಿಕೆ ಇತ್ತು. ಆದರೆ ನೀನು ಗುಳಿಗೆಯ ಅಪಾಯವನ್ನಷ್ಟೇ ತಕ್ಕಡಿಗೆ ಹಾಕಿದ್ದೀಯ. ನಿನ್ನ ಎಲುಬಿನ ಅಪಾಯವನ್ನು ಇನ್ನೂ ಹಾಕೇ ಇಲ್ಲ.

ನಿಮ್ಮವ್ವನ ಕಡೆಯ ವರ್ಷ ನೆನಪು ಮಾಡಿಕೋ. ಬಚ್ಚಲಿನ ಒದ್ದೆ ಫರಸಿ ಮೇಲೆ ಕಾಲು ಜಾರಿತು, ಅಷ್ಟೇ. ಚಪ್ಪೆ ಎಲುಬು ಮುರಿಯಿತು. ಆಪರೇಷನ್ ಆಯಿತು, ರಾಡ್ ಹಾಕಿದರು, ಆದರೂ ಅಕ್ಕ ಮತ್ತೆ ತನ್ನಷ್ಟಕ್ಕೆ ತಾನು ಅಡುಗೆ ಮನೆಯವರೆಗೆ ನಡೆಯಲಿಲ್ಲ. ಹನ್ನೊಂದು ತಿಂಗಳು ಹಾಸಿಗೆ. ನೀನು ವಾರ ವಾರ ಗದಗಿನಿಂದ ಬಂದು ಬೆನ್ನಿನ ಹುಣ್ಣು ಒರೆಸುತ್ತಿದ್ದೆ, ಅದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ನನ್ನನ್ನು ಈಗಲೂ ಚುಚ್ಚುವ ವಿಷಯ ಬೇರೆ ಇದೆ. ಬೀಳುವುದಕ್ಕೆ ನಾಲ್ಕೈದು ವರ್ಷ ಮೊದಲೇ ಅಕ್ಕ ಗಿಡ್ಡ ಆಗಿದ್ದಳು. ಸೀರೆ ನೆಲಕ್ಕೆ ತಾಗುತ್ತದೆ ಅಂತ ಟೊಂಕದ ಹತ್ತಿರ ಜಾಸ್ತಿ ಸಿಕ್ಕಿಸಿಕೊಳ್ಳುತ್ತಿದ್ದಳು, ಬೆನ್ನು ಬಾಗಿತ್ತು. ನಾವೆಲ್ಲ ವಯಸ್ಸಾಯಿತು ಅಂದೆವು. ಬೆನ್ನಿನ ಎಲುಬುಗಳು ಒಳಗೊಳಗೇ ಕುಸಿದಿದ್ದವು ಅಂತ ಆಮೇಲೆ ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದರು. ಎಷ್ಟೋ ಸಲ ಹೀಗೆ ನೋವೇ ಇಲ್ಲದೆ ಕುಸಿಯುತ್ತದಂತೆ. ಆಗಲೇ ಯಾರಾದರೂ ಒಂದು ಮಾತು ಕೇಳಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಈಗ ನಿನ್ನ ವಿಷಯ. ನಿನಗೆ 58. ಮುಟ್ಟು ನಿಂತು ಹತ್ತು ವರ್ಷ ಆಗಿದೆ. ರಂಗೋಲಿ ಹಾಕಿ ಏಳುವಾಗ ಹೊಸ್ತಿಲು ಎಡವಿ ಬಿದ್ದೆ, ಮಣಿಕಟ್ಟು ಮುರಿಯಿತು. ಮಾಳಿಗೆಯಿಂದ ಬೀಳಲಿಲ್ಲ, ಸ್ಕೂಟರಿನಿಂದ ಬೀಳಲಿಲ್ಲ. ನಿಂತ ಎತ್ತರದಿಂದ ಬಿದ್ದು ಎಲುಬು ಮುರಿದರೆ ಡಾಕ್ಟರು ಅದನ್ನು ಸುಮ್ನೆ ಬಿಡುವುದಿಲ್ಲ, ಎಲುಬೇ ಸೊರಗಿದೆ ಅನ್ನುವುದರ ಗುರುತು ಅದು. ನಿನ್ನ ಡೆಕ್ಸಾ ರಿಪೋರ್ಟಿನಲ್ಲಿ, ಅಂದರೆ ಎಲುಬು ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಸ್ಕ್ಯಾನಿನಲ್ಲಿ, ಬೆನ್ನಿನ ಟಿ-ಸ್ಕೋರ್ (ಹರೆಯದವರ ಎಲುಬಿಗೆ ಹೋಲಿಸಿದ ಅಂಕ) ಮೈನಸ್ 2.9 ಅಂತ ಓದಿ ಹೇಳಿದೆಯಲ್ಲ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದಕ್ಕೆ ಆಸ್ಟಿಯೋಪೊರೋಸಿಸ್ ಅಂತಲೇ ಹೆಸರು. ಮೇಲಾಗಿ ಹೆತ್ತವ್ವನ ಚಪ್ಪೆ ಮುರಿದಿತ್ತು, ಅದನ್ನೂ ಡಾಕ್ಟರು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಮೂರೂ ನಿನ್ನ ಹತ್ತಿರ ಇವೆ ಸರೂ. ಪಕ್ಕದ ಮನೆಯವರು "ಡಾಕ್ಟರು ನನಗೂ ಬರೆದಿದ್ದರು, ನಾನು ತಗೊಳ್ಳಲಿಲ್ಲ, ಆರಾಮಿದ್ದೇನೆ" ಅಂದರೆ ಅವರ ರಿಪೋರ್ಟಿನಲ್ಲಿ ಮೈನಸ್ 1.6 ಇದ್ದಿರಬಹುದು, ಅವರ ಎಲುಬು ಒಮ್ಮೆಯೂ ಮುರಿಯದೇ ಇದ್ದಿರಬಹುದು, ಅವರಿಗೆ ಗುಳಿಗೆ ಬೇಡದೇ ಇರಬಹುದು. ಅವರ ಲೆಕ್ಕ ನಿನಗೆ ಹೊಂದುವುದಿಲ್ಲ.

ಅಜ್ಜನ ಮಣ್ಣಿನ ಮಾಳಿಗೆ ಮನೆ ನೆನಪಿದೆ ಅಲ್ವಾ? ಮಳೆಗಾಲಕ್ಕೆ ಮುಂಚೆ ಮೇಲಿನ ಹಳೇ ಮಣ್ಣು ಕೆರೆದು ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರು. ನಮ್ಮ ಎಲುಬಿನಲ್ಲೂ ಅದೇ ಕೆಲಸ ಜೀವನವಿಡೀ ನಡೆಯುತ್ತದೆ, ಕೆರೆಯುವ ಜೀವಕೋಶ ಬೇರೆ, ತುಂಬುವ ಜೀವಕೋಶ ಬೇರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಕೆರೆಯುವವರ ಕೈ ಮೇಲಾಗುತ್ತದೆ. ನಿನ್ನ ಗುಳಿಗೆ, ಅಲೆಂಡ್ರೊನೇಟ್, ಆ ಕೆರೆಯುವವರನ್ನು ತಡೆಯುತ್ತದೆ. ಇದರಲ್ಲೇ ಅದರ ಲಾಭವೂ ಇದೆ, ನೀನು ಹೆದರಿದ ಅಪಾಯವೂ ಇದೆ. ಕೆರೆಯುವುದನ್ನು ತುಂಬಾ ವರ್ಷ ತಡೆದರೆ ಹಳೇ ಮಣ್ಣು ಹಾಗೇ ಉಳಿಯುತ್ತದೆ, ಸಣ್ಣ ಬಿರುಕುಗಳಿಗೆ ರಿಪೇರಿ ಆಗುವುದಿಲ್ಲ. ತೊಡೆ ಎಲುಬು ಅಪರೂಪಕ್ಕೆ ಮುರಿಯುವುದು ಹೀಗೆ ಅಂತ ಡಾಕ್ಟರುಗಳು ತಿಳಿಸುತ್ತಾರೆ. ಅದಕ್ಕೇ ಈ ಗುಳಿಗೆ ಜೀವನವಿಡೀ ಅಲ್ಲ. ಐದು ವರ್ಷ ಆದ ಮೇಲೆ ಮತ್ತೆ ಡೆಕ್ಸಾ ಮಾಡಿಸಿ, ಎಲುಬು ತಾಳಿಕೊಂಡಿದ್ದರೆ ಬಿಡುವು ಕೊಡುತ್ತಾರೆ. ಔಷಧ ಎಲುಬಿನೊಳಗೆ ವರ್ಷಗಟ್ಟಲೆ ಉಳಿಯುವುದರಿಂದ ಬಿಡುವಿನಲ್ಲೂ ಸ್ವಲ್ಪ ಆಸರೆ ಇರುತ್ತದೆ. ನನ್ನ ಬಿಡುವು ಶುರುವಾಗಿ ಎರಡು ವರ್ಷ ಆಯಿತು.

ಅಂಕಿ ಬೇಕು ಅಂದೆಯಲ್ಲ. 1996ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ, ಆಗಲೇ ಬೆನ್ನೆಲುಬು ಕುಸಿದಿದ್ದ ಎರಡು ಸಾವಿರ ಹೆಂಗಸರ ಮೇಲೆ ಮಾಡಿದ್ದು. ಮೂರು ವರ್ಷದಲ್ಲಿ ಔಷಧವೇ ಇಲ್ಲದ ಬರೀ ಸಪ್ಪೆ ಗುಳಿಗೆ ತಗೊಂಡವರಲ್ಲಿ ನೂರಕ್ಕೆ 15 ಜನರಿಗೆ ಬೆನ್ನಿನಲ್ಲಿ ಹೊಸದಾಗಿ ಕುಸಿತ ಆಯಿತು, ಅಲೆಂಡ್ರೊನೇಟ್ ತಗೊಂಡವರಲ್ಲಿ ನೂರಕ್ಕೆ 8. ಚಪ್ಪೆ ಮುರಿತ ಸಾವಿರಕ್ಕೆ 22 ಇದ್ದದ್ದು 11 ಆಯಿತು. ನೋಡು, ಪೂರ್ತಿ ನಿಲ್ಲಲಿಲ್ಲ. ಗುಳಿಗೆ ತಗೊಂಡೂ ಮುರಿದವರಿದ್ದಾರೆ, ತಗೊಳ್ಳದೆಯೂ ಚಲೋ ಇದ್ದವರು ಅವರಿಗಿಂತ ಜಾಸ್ತಿ ಇದ್ದಾರೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಅರ್ಧಕ್ಕರ್ಧ ಇಳಿಯುವುದು ಸಣ್ಣ ಮಾತಲ್ಲ, ಅಕ್ಕನನ್ನು ನೋಡಿದ ನಮಗಂತೂ ಅಲ್ಲ.

ಇನ್ನು ದವಡೆ. ನಿನ್ನ ಗೆಳತಿಯ ನಾದಿನಿಗೆ ಆಯಿತು ಅಂದೆ, ಅವರಿಗೆ ಕ್ಯಾನ್ಸರ್ ಇತ್ತು ಅಂತಲೂ ನೀನೇ ಹೇಳಿದೆ. ಕ್ಯಾನ್ಸರ್ ಎಲುಬಿಗೆ ಹಬ್ಬಿದವರಿಗೆ ಇದೇ ಜಾತಿಯ ಔಷಧವನ್ನು ಸಲೈನಿನಲ್ಲಿ ತಿಂಗಳಿಗೊಮ್ಮೆ ಕೊಡುತ್ತಾರೆ, ದವಡೆ ತೊಂದರೆ ಜಾಸ್ತಿ ಕಾಣುವುದು ಅವರಲ್ಲಿ. ನಮ್ಮಂಥವರು ವಾರಕ್ಕೊಂದು ಗುಳಿಗೆ ನುಂಗಿದರೆ ಅದು ವರ್ಷಕ್ಕೆ ಹತ್ತು ಸಾವಿರದಲ್ಲಿ ಒಬ್ಬರಿಂದ ಹಿಡಿದು ಲಕ್ಷದಲ್ಲಿ ಒಬ್ಬರವರೆಗೆ ಅಂತ ಅಂದಾಜು. ಹೆಚ್ಚಾಗಿ ಹಲ್ಲು ಕೀಳಿಸಿದ ಮೇಲೆ ಆಗುತ್ತದೆ. ನಿನ್ನ ಬಲಗಡೆ ಹುಳುಕು ಹಲ್ಲು ಇನ್ನೂ ಹಾಗೇ ಇದೆ ಅಲ್ವಾ? ಗುಳಿಗೆ ಶುರು ಮಾಡುವ ಮೊದಲೇ ಅದನ್ನು ತೋರಿಸು, ಕೀಳಬೇಕಾದರೆ ಕೀಳಿಸಿ ಗಾಯ ಮಾಯಲಿ. ಎರಡು ತಿಂಗಳು ಸುಮ್ನೆ ಹೋಯಿತು, ಈ ಕೆಲಸವಾದರೂ ಆಗಬಹುದಿತ್ತು.

ತೊಡೆ ಎಲುಬಿನ ವಿಷಯ ಸ್ವಲ್ಪ ಎಚ್ಚರದಿಂದ ಕೇಳು. ನಮ್ಮ ಏಷ್ಯಾದ ಹೆಂಗಸರಲ್ಲಿ ಅದು ಬಿಳಿಯ ಹೆಂಗಸರಿಗಿಂತ ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿತು. ಆದರೂ ಅಪರೂಪವೇ, ಗುಳಿಗೆಯಿಂದ ತಪ್ಪುವ ಮುರಿತಗಳೇ ಜಾಸ್ತಿ. ವರ್ಷ ಏರಿದಷ್ಟು ಅಪಾಯ ಏರುತ್ತದೆ, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಮುರಿಯುವ ಮೊದಲು ಎಷ್ಟೋ ಜನರಿಗೆ ವಾರಗಟ್ಟಲೆ ತೊಡೆಯಲ್ಲಿ ಅಥವಾ ತೊಡೆಸಂದಿಯಲ್ಲಿ ಮಂದ ನೋವು ಇರುತ್ತದೆ. ಅಂಥ ನೋವು ಬಂದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡ, ಎರಡೂ ತೊಡೆ ಎಕ್ಸ್‌ರೇ ಮಾಡಿಸು.

ನುಂಗುವ ರೀತಿ ಬಗ್ಗೆ ನಿನ್ನ ಚೀಟಿಯಲ್ಲಿ ಏನೂ ಬರೆದಿಲ್ಲ ಅಂದೆ. ನನಗೂ ಯಾರೂ ಹೇಳಿರಲಿಲ್ಲ, ಪಟ್ಟಿ ಕೈಗಿಟ್ಟು ವಾರಕ್ಕೊಂದು ಅಂದರು ಅಷ್ಟೇ. ನಾನು ಮೊದಲ ಗುಳಿಗೆಯನ್ನು ಬೆಳಗಿನ ಚಹಾದ ಜೊತೆ ನುಂಗಿ ಮತ್ತೆ ಹಾಸಿಗೆಗೆ ಹೋಗಿ ಮಲಗಿದೆ. ಮೂರು ದಿನ ಎದೆಯಲ್ಲಿ ಕೆಂಡ ಇಟ್ಟ ಹಾಗೆ ಉರಿಯಿತು, ನೀರು ಇಳಿಯುವುದೂ ಕಷ್ಟವಾಯಿತು. ಈ ಗುಳಿಗೆ ಅನ್ನನಾಳಕ್ಕೆ ಅಂಟಿಕೊಂಡರೆ ಸುಡುತ್ತದೆ. ಚಹಾ, ಹಾಲು, ಕ್ಯಾಲ್ಸಿಯಂ ಜೊತೆ ಹೋದರೆ ಮೈಗೆ ಹತ್ತುವುದೂ ಇಲ್ಲ. ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ, ಚೀಪದೆ ಜಗಿಯದೆ ನುಂಗು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ನಾನು ಸೋಮವಾರ ಇಟ್ಟುಕೊಂಡಿದ್ದೆ. ಸ್ನಾನಕ್ಕೆ ಮೊದಲು ನುಂಗಿ, ಸ್ನಾನ ಮುಗಿಸಿ ಪೂಜೆಗೆ ನೆಟ್ಟಗೆ ಕುಳಿತರೆ ಅರ್ಧ ಗಂಟೆ ಗೊತ್ತೇ ಆಗುವುದಿಲ್ಲ. ಉದ್ದಕ್ಕೆ ಅಡ್ಡ ಬೀಳುವುದು, ಪ್ರಸಾದ ತಗೊಳ್ಳುವುದು ಎಲ್ಲ ಅರ್ಧ ಗಂಟೆ ಕಳೆದ ಮೇಲೆ. ಹೀಗೆ ಮಾಡಿದ ಮೇಲೆ ಐದು ವರ್ಷದಲ್ಲಿ ನನಗೆ ಒಮ್ಮೆಯೂ ಉರಿ ಬರಲಿಲ್ಲ. ಹೀಗೆ ಮಾಡಿಯೂ ನುಂಗುವಾಗ ನೋವಾದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡು.

ಆರು ತಿಂಗಳಿಗೊಂದು ಸೂಜಿ ಇದೆ, ಅದೇ ಸಲೀಸು ಅಂತ ನಿನ್ನ ಸೊಸೆ ಅಂದಳಂತೆ. ಅದು ಡೆನೊಸುಮಾಬ್. ಒಳ್ಳೆಯ ಔಷಧವೇ, ಆದರೆ ತಾರೀಖು ತಪ್ಪಿಸುವ ಹಾಗಿಲ್ಲ. ಗುಳಿಗೆಯ ಹಾಗೆ ಎಲುಬಿನಲ್ಲಿ ಉಳಿಯುವುದಿಲ್ಲ, ಸೂಜಿ ತಪ್ಪಿಸಿದರೆ ಗಳಿಸಿದ್ದೆಲ್ಲ ಬೇಗ ಹೋಗುತ್ತದೆ, ಬೆನ್ನೆಲುಬು ಒಂದರ ಮೇಲೊಂದು ಕುಸಿದವರೂ ಇದ್ದಾರೆ. ಬಿಡಬೇಕಾದರೆ ಅದರ ಬದಲು ಬೇರೆ ಔಷಧ ಹಿಡಿದೇ ಬಿಡಬೇಕು. ನೀನು ಮೊಮ್ಮಗನನ್ನು ನೋಡಲು ಪುಣೆಗೆ ಹೋದರೆ ಮೂರು ತಿಂಗಳು ವಾಪಸ್ ಬರುವವಳಲ್ಲ, ಅದಕ್ಕೇ ನನಗೆ ಅದು ನಿನಗೆ ಸರಿ ಅನಿಸುವುದಿಲ್ಲ. ಗುಳಿಗೆ ಹೊಟ್ಟೆಗೆ ಒಗ್ಗದೇ ಹೋದರೆ ವರ್ಷಕ್ಕೊಮ್ಮೆ ಸಲೈನಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಕೇಳಿ ನೋಡು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ತಾನೇ ಇಳಿಯುತ್ತದೆ.

ಹಾಲು, ಮೊಸರು, ರಾಗಿ ಅಂಬಲಿಯಲ್ಲೇ ಸರಿ ಮಾಡಿಕೊಳ್ಳುತ್ತೇನೆ ಅಂದೆ. ಅವು ಬೇಕೇ ಬೇಕು. ನಮ್ಮ ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಕಡಿಮೆ, ಜೊತೆಗೆ ಗುರೆಳ್ಳು ಚಟ್ನಿ, ಮೊಸರು, ರಾಜಗಿರಿ ಪಲ್ಯ ಇದ್ದರೆ ತಾಟು ತುಂಬುತ್ತದೆ. ಆದರೆ ಈಗಾಗಲೇ ಮೈನಸ್ 2.9ಕ್ಕೆ ಇಳಿದ ಎಲುಬನ್ನು ಊಟವೊಂದೇ ಮೇಲೆತ್ತುವುದಿಲ್ಲ. ಊಟ ಮಣ್ಣು ತಂದು ಹಾಕುತ್ತದೆ, ಕೆರೆಯುವವರನ್ನು ತಡೆಯುವುದಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟ ಹೇಳುತ್ತೇನೆ. ಶುರು ಮಾಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವುದು), ಕ್ಯಾಲ್ಸಿಯಂ, ವಿಟಮಿನ್ ಡಿ ಮೂರೂ ರಕ್ತ ಪರೀಕ್ಷೆ ಮಾಡಿಸು. ಕಿಡ್ನಿ ತೀರಾ ಸೋತಿದ್ದರೆ ಈ ಗುಳಿಗೆ ಬೇಡ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಮೊದಲು ಅದನ್ನು ಸರಿ ಮಾಡಬೇಕು. ನಿನ್ನ ಆಸಿಡಿಟಿ ವಿಷಯವನ್ನೂ ಡಾಕ್ಟರಿಗೆ ಹೇಳು, ನೀನು ಹೇಳಿಲ್ಲ ಅಂತ ನನಗೆ ಗೊತ್ತು. ಇಷ್ಟೆಲ್ಲ ಕೇಳಿ ತಿಳಿದು, ಡಾಕ್ಟರ ಎದುರು ಕುಳಿತು, ನನಗೆ ಬೇಡ ಅಂತ ನೀನು ಹೇಳಿದರೆ ನಾನು ಒಪ್ಪುತ್ತೇನೆ, ಮತ್ತೆ ಬಾಯಿ ತೆರೆಯುವುದಿಲ್ಲ. ಆದರೆ ಬೇಡ ಅಂತಲೂ ಅನ್ನದೆ, ಬೇಕು ಅಂತಲೂ ಅನ್ನದೆ, ಆ ಪಟ್ಟಿಯನ್ನು ಕಪಾಟಿನಲ್ಲಿಟ್ಟು ದಿನ ದೂಡುತ್ತಿದ್ದೀಯಲ್ಲ, ಅದನ್ನು ಒಪ್ಪಲಾರೆ.

ಬರುವ ಗುರುವಾರ ಬೆಳಗಿನ ಬಸ್ಸಿಗೆ ಗದಗಿಗೆ ಬರುತ್ತೇನೆ. ಡೆಕ್ಸಾ ರಿಪೋರ್ಟ್, ಮುರಿದ ಕೈಯ ಎಕ್ಸ್‌ರೇ, ಆಸಿಡಿಟಿ ಗುಳಿಗೆಯ ಪಟ್ಟಿ ಎಲ್ಲ ಒಂದು ಚೀಲದಲ್ಲಿ ಹಾಕಿಡು. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ, ಸಂಜೆ ಎಲುಬಿನ ಡಾಕ್ಟರು. ಬಚ್ಚಲಿಗೆ ಹಾಸಲು ಜಾರದ ರಬ್ಬರ್ ಚಾಪೆ ಒಂದು ಇಲ್ಲೇ ತಗೊಂಡಿದ್ದೇನೆ, ತರುತ್ತೇನೆ. ಗೋಡೆಗೆ ಹಿಡಿ ಹಾಕುವವನನ್ನು ಅಷ್ಟರೊಳಗೆ ಕರೆಸಿಡು.

ನಿನ್ನ
ಚಿಗವ್ವ