ಮಗಳಿಗೊಂದು ಪತ್ರ: ಮೆಟ್ಟುಗತ್ತಿಯಿಂದ ಎಷ್ಟು ದೂರ?

ಚಿರಂಜೀವಿ ಮಗಳಿಗೆ ನಿನ್ನ ಆಯಿಯ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಂಗಳವಾರ ರಾತ್ರಿ ನೀನು ಫೋನಿನಲ್ಲಿ, "ಆಯಿ, ನನ್ನ ಲ್ಯಾಪ್‌ಟಾಪಿನಲ್ಲಿ ಮುನ್ನೂರು ಜಿಬಿ ಖಾಲಿ ಜಾಗ ಇದ್ದು, ಆದರೂ ಮೆಮೊರಿ ಸಾಲುವುದಿಲ್ಲ ಎಂದು ತೋರಿಸ್ತಲೆ?" ಎಂದು ಕೇಳಿದ್ದೆ. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಯಿತು. ಆಮೇಲೆ ಗಾಳಿಮಳೆಗೆ ಎಲ್ಲಿಯೋ ಮರ ಬಿದ್ದು ವಿದ್ಯುತ್ತೂ ಹೋಯಿತು. ನಾಳೆ ಹೇಗೂ ಶಿರಸಿ ಪೇಟೆಗೆ ಹೋಗುವುದಿದೆ, ಆದ್ದರಿಂದ ಕಾಗದದಲ್ಲಿಯೇ ಬರೆದು ಅಂಚೆಗೆ ಹಾಕೋಣವೆಂದು ಕುಳಿತಿದ್ದೇನೆ. ಡಿಪ್ಲೊಮಾದ ಮೊದಲ ಸೆಮಿಸ್ಟರಿನಲ್ಲಿ ನಿನಗೆ ಹಾರ್ಡ್‌ವೇರ್ ಒಂದು ವಿಷಯ, ನೆಟ್‌ವರ್ಕ್ ಇನ್ನೊಂದು ವಿಷಯ ಎಂದು ಬೇರೆ ಬೇರೆ ಪಾಠ ಮಾಡುತ್ತಿರಬಹುದು. ಸೊಸೈಟಿಯ ಲೆಕ್ಕಪತ್ರವನ್ನು ಇಷ್ಟು ವರ್ಷ ಈ ಯಂತ್ರದ ಮುಂದೆ ಕುಳಿತು ಬರೆದ ನನಗೆ ಮಾತ್ರ ಎರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ: ಬೇಕಾದ ವಸ್ತು ಕೆಲಸ ಮಾಡುವ ಕೈಯಿಂದ ಎಷ್ಟು ದೂರದಲ್ಲಿದೆ?

ನಿನ್ನ ಗೊಂದಲಕ್ಕೆ ಅರ್ಧ ಕಾರಣ ನಾವು ಬಳಸುವ ಮಾತೇ. ಮೊಬೈಲಿನಲ್ಲಿ ಫೋಟೋ ಇಡುವ ಜಾಗಕ್ಕೂ ನಾವು ಮೆಮೊರಿ ಎನ್ನುತ್ತೇವೆ, ಯಂತ್ರ ಕೆಲಸ ಮಾಡುತ್ತಿರುವಾಗ ಬೇಕಾದದ್ದನ್ನು ಇಟ್ಟುಕೊಳ್ಳುವ ರ‍್ಯಾಮಿಗೂ ಮೆಮೊರಿ ಎನ್ನುತ್ತೇವೆ. ಇವೆರಡರ ವ್ಯತ್ಯಾಸವನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಮಾರ್ಚ್ ಕೊನೆಯ ಒಂದು ಮಧ್ಯಾಹ್ನ. ಸೊಸೈಟಿಗೆ ಮೊದಲ ಕಂಪ್ಯೂಟರ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಬೆಳೆಸಾಲದ ಖಾತೆಗಳನ್ನು ಎರಡು ಗಂಟೆ ಒಂದೇ ಸಮನೆ ಕುಟ್ಟಿದ್ದೆ, ಒಮ್ಮೆಯೂ ಸೇವ್ ಮಾಡಿರಲಿಲ್ಲ. ಕರೆಂಟು ಹೋಯಿತು, ಯುಪಿಎಸ್‌ನ ಬ್ಯಾಟರಿ ಅದಕ್ಕೂ ಮೊದಲೇ ಸತ್ತಿತ್ತು. ಮತ್ತೆ ಕರೆಂಟು ಬಂದಾಗ ಯಂತ್ರ ಏನೂ ಆಗದಂತೆ ಎದ್ದು ನಿಂತಿತು, ನಾನು ಬರೆದದ್ದರಲ್ಲಿ ಒಂದು ಅಂಕಿಯೂ ಉಳಿದಿರಲಿಲ್ಲ. ಕೈಬರಹದ ದಿನವಹಿ ಇದ್ದದ್ದರಿಂದ ಸಂಜೆ ಎಂಟರವರೆಗೆ ಕುಳಿತು ಎಲ್ಲವನ್ನೂ ಮತ್ತೆ ಕುಟ್ಟಿದೆ. ಪರದೆಯ ಮೇಲೆ ನನಗೆ ಕಾಣುತ್ತಿದ್ದುದೆಲ್ಲವೂ ರ‍್ಯಾಮಿನಲ್ಲಿ ಮಾತ್ರ ಇತ್ತು, ಡಿಸ್ಕಿಗೆ ಇನ್ನೂ ಇಳಿದಿರಲಿಲ್ಲ ಎಂಬುದು ಆಗ ತಿಳಿಯಿತು.

ರ‍್ಯಾಮ್ ಯಾಕೆ ಹೀಗೆ ಮರೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡು, ಯಾಕೆಂದರೆ ಇಡೀ ಪಾಠದಲ್ಲಿ ನನಗೆ ತೀರ ಇಷ್ಟವಾದ ಭಾಗ ಇದೇ. ಅದರ ಒಂದೊಂದು ಬಿಟ್ಟಿಗೂ, ಎಂದರೆ ಒಂದು ಅಥವಾ ಸೊನ್ನೆ ಎಂಬ ಒಂದೊಂದು ಗುರುತಿಗೂ, ವಿದ್ಯುದಂಶ ಹಿಡಿದಿಡುವ ಒಂದು ಅತಿ ಸಣ್ಣ ಕೆಪಾಸಿಟರ್ ಮತ್ತು ಅದಕ್ಕೆ ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರ್ ಇರುತ್ತದೆ. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಈ ವಿನ್ಯಾಸಕ್ಕೆ ಐಬಿಎಂನಲ್ಲಿದ್ದ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದರು. ಆದರೆ ಆ ಕೆಪಾಸಿಟರ್ ತೂತುಬಿದ್ದ ಚೊಂಬಿನಂಥದು, ತುಂಬಿದ್ದು ಸೋರುತ್ತಲೇ ಇರುತ್ತದೆ. ಆದ್ದರಿಂದ ಯಂತ್ರ ಪ್ರತಿಯೊಂದು ಸಾಲನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ, ಇದ್ದದ್ದನ್ನೇ ಪುನಃ ತುಂಬಬೇಕು. ಅಂದರೆ ನೀನು ಸುಮ್ಮನೆ ಕುಳಿತು ಪರದೆ ನೋಡುತ್ತಿರುವಾಗಲೂ ಸೆಕೆಂಡಿಗೆ ಹದಿನೈದು ಸಲ ಈ ನೀರು ತುಂಬುವ ಕೆಲಸ ನಡೆದೇ ಇರುತ್ತದೆ. ಕರೆಂಟು ಹೋದರೆ ತುಂಬುವವರಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿಯಲ್ಲಿ ಇದೇ ವಿದ್ಯುದಂಶವನ್ನು ನಿರೋಧಕದ ಗೋಡೆಯೊಳಗೆ ಸಿಕ್ಕಿಸಿಡುತ್ತಾರೆ, ಆದ್ದರಿಂದ ಅದು ಕರೆಂಟಿಲ್ಲದೆಯೂ ಉಳಿಯುತ್ತದೆ. ಆದರೆ ಆ ಗೋಡೆ ದಾಟಿಸಿ ಬರೆಯಲು ಸಮಯ ಹೆಚ್ಚು ಬೇಕು, ಬರೆದಷ್ಟೂ ಗೋಡೆ ಸವೆಯುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ತಟ್ಟೆ ನಿಜವಾಗಿಯೂ ತಿರುಗುತ್ತದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು.

ಈಗ ದೂರದ ಮಾತು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಜಗುಲಿಯನ್ನು ನೆನಪಿಸಿಕೊ. ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈಯಲ್ಲಿ ಒಂದೇ ಒಂದು ಅಡಿಕೆ ಇರುತ್ತದೆ, ಮಗ್ಗುಲಿಗೆ ಒಂದು ಹೆಡಿಗೆ ಅಡಿಕೆ, ಜಗುಲಿಯ ಮೂಲೆಯಲ್ಲಿ ರಾಶಿ, ಉಳಿದದ್ದೆಲ್ಲ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಇಳಿಸಿಟ್ಟ ಹಾಗೆಯೇ ತೋಟದಲ್ಲಿ. ಯಂತ್ರದಲ್ಲಿ ಲೆಕ್ಕ ಮಾಡುವ ಭಾಗವಾದ ಪ್ರೊಸೆಸರಿನ ರಿಜಿಸ್ಟರ್ ಎಂಬುದು ಆ ಕೈ. ಕ್ಯಾಶ್ ಎಂಬುದು ಮಗ್ಗುಲ ಹೆಡಿಗೆ. ರ‍್ಯಾಮ್ ಮೂಲೆಯ ರಾಶಿ, ಡಿಸ್ಕು ತೋಟ. ಹೆಡಿಗೆ ಸಣ್ಣದೇ ಇರಬೇಕು, ಇಲ್ಲವಾದರೆ ಕೈಗೆ ಎಟುಕುವುದಿಲ್ಲ; ತೋಟ ದೊಡ್ಡದು, ಆದರೆ ದೂರ. ಸುಲಿಯುವವರ ಕೈ ಎಷ್ಟೇ ಚುರುಕಾಗಿದ್ದರೂ ಹೆಡಿಗೆ ತುಂಬಿಸುವವರು ತಡಮಾಡಿದರೆ ಕತ್ತಿ ಖಾಲಿ ಕೂರುತ್ತದೆ. ಪ್ರೊಸೆಸರಿಗೂ ಇದೇ ಗತಿ, ಅದರ ಬಹಳಷ್ಟು ಹೊತ್ತು ಕಾಯುವುದರಲ್ಲಿಯೇ ಕಳೆಯುತ್ತದೆ.

ಎಷ್ಟು ಕಾಯುತ್ತದೆ ಎಂಬುದನ್ನು ಅಂಕಿಯಲ್ಲಿ ಹೇಳದೆ ಇದು ಮನಸ್ಸಿಗೆ ಇಳಿಯುವುದಿಲ್ಲ. ಹತ್ತಿರದ ಕ್ಯಾಶಿನಿಂದ ತರಲು ಸುಮಾರು ಒಂದು ನ್ಯಾನೋಸೆಕೆಂಡು, ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಬೇಕು. ಅದನ್ನೇ ನಾವು ಹಿಗ್ಗಿಸಿ, ಹೆಡಿಗೆಯಿಂದ ಅಡಿಕೆ ತೆಗೆಯಲು ಒಂದು ಸೆಕೆಂಡು ಎಂದು ಇಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ರ‍್ಯಾಮಿಗೆ ಹೋಗಿ ಬರಲು ನೂರು ಸೆಕೆಂಡು, ಒಂದೂಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಕಡಿಮೆ. ಎಸ್‌ಎಸ್‌ಡಿಗೆ ಹೋದರೆ ಒಂದು ಹಗಲು ಒಂದು ರಾತ್ರಿ ಕಳೆದು ಮೇಲೆ ಇನ್ನೂ ನಾಲ್ಕು ಗಂಟೆ. ತಿರುಗುವ ಹಾರ್ಡ್ ಡಿಸ್ಕಿಗೆ ಹೋದರೆ ಸುಮಾರು ನಾಲ್ಕು ತಿಂಗಳು. ಇಡೀ ಮಳೆಗಾಲವೇ ಮುಗಿದಿರುತ್ತದೆ! ಇವು ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸ್ಥೂಲ ಅಂಕಿಗಳು, ಆದರೆ ಅವುಗಳ ನಡುವಿನ ಅಂತರ ಇಂಥದೇ.

ನಿನ್ನ ಲ್ಯಾಪ್‌ಟಾಪಿಗೆ ಆಗಿರುವುದು ಇಷ್ಟೇ. ಅದರ ರ‍್ಯಾಮ್ 8 ಜಿಬಿ. ಬ್ರೌಸರಿನಲ್ಲಿ ನೀನು ಮೂವತ್ತು ಪುಟ ತೆರೆದಿಟ್ಟು, ಪಕ್ಕದಲ್ಲಿ ಪಾಠದ ವಿಡಿಯೊ ಹಚ್ಚಿ, ಅದರ ಮೇಲೆ ಪ್ರೋಗ್ರಾಮ್ ಬರೆಯುವ ತಂತ್ರಾಂಶವನ್ನೂ ತೆರೆದರೆ ಜಗುಲಿ ತುಂಬುತ್ತದೆ. ಆಗ ಯಂತ್ರ ಈಗ ಮುಟ್ಟದಿರುವುದನ್ನು ಎಸ್‌ಎಸ್‌ಡಿಗೆ ಹೊತ್ತು ಹಾಕುತ್ತದೆ, ನೀನು ಆ ಪುಟವನ್ನು ಮುಟ್ಟಿದೊಡನೆ ಮತ್ತೆ ಹೊತ್ತು ತರುತ್ತದೆ. ತೋಟದಲ್ಲಿ ಎಷ್ಟು ಜಾಗ ಖಾಲಿ ಇದ್ದರೇನು, ಇಕ್ಕಟ್ಟಾಗಿರುವುದು ಜಗುಲಿ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಂಬ ಸಾಲನ್ನು ನೋಡಿದರೆ ಯಾರು ಎಷ್ಟು ಜಾಗ ಹಿಡಿದು ಕುಳಿತಿದ್ದಾರೆಂದು ತಿಳಿಯುತ್ತದೆ. ಮೊದಲು ಆ ಮೂವತ್ತು ಪುಟಗಳನ್ನು ಮುಚ್ಚಿ ನೋಡು. ಹೊಸ ರ‍್ಯಾಮ್ ಕೊಳ್ಳುವ ಮಾತು ಆಮೇಲೆ, ಮತ್ತು ಅದಕ್ಕೆ ಖಾಲಿ ಸ್ಲಾಟ್ ಇದೆಯೇ ಅಥವಾ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆಯೇ ಎಂದು ಕೇಳಿಕೊಂಡ ಮೇಲೆ. ಇನ್ನು 512 ಜಿಬಿ ಎಂದು ಹೇಳಿ ಕೊಟ್ಟದ್ದು 476 ಎಂದು ತೋರಿಸುವುದಕ್ಕೆ ಅಂಗಡಿಯವರನ್ನು ಬೈಯಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಅಳೆಯುತ್ತದೆ. ಹಳೆಯ ಸೇರಿಗೂ ಹೊಸ ಕಿಲೋಗೂ ಇರುವಂಥ ಜಗಳ ಅದು.

ನನ್ನ ಅಡಿಕೆಯ ಹೋಲಿಕೆ ಒಂದು ಕಡೆ ಸೋಲುತ್ತದೆ, ಅದನ್ನು ಹೇಳದೆ ಬಿಟ್ಟರೆ ನೀನು ವೈವಾದಲ್ಲಿ ಸಿಕ್ಕಿಬೀಳುತ್ತೀಯೆ. ತೋಟದಿಂದ ಜಗುಲಿಗೆ ತಂದ ಅಡಿಕೆ ತೋಟದಲ್ಲಿ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಬರುವುದು ಪ್ರತಿ ಮಾತ್ರ, ಮೂಲ ಅಲ್ಲಿಯೇ ಇರುತ್ತದೆ. ರ‍್ಯಾಮಿನ ಪ್ರತಿಯನ್ನು ತಿದ್ದಿದ ಕ್ಷಣದಿಂದ ಡಿಸ್ಕಿನದು ಹಳತಾಗುತ್ತದೆ. ಸೇವ್ ಎಂದರೆ ಅವೆರಡನ್ನೂ ಮತ್ತೆ ಒಂದಾಗಿಸುವುದು. ಪೆನ್‌ಡ್ರೈವನ್ನು ಸರಿಯಾಗಿ ಇಜೆಕ್ಟ್ ಮಾಡದೆ ಕೀಳಬಾರದು ಎನ್ನುವುದೂ ಇದಕ್ಕೇ: ಬರೆದಾಯಿತು ಎಂದು ತೋರಿಸಿದ್ದು ಇನ್ನೂ ರ‍್ಯಾಮಿನಲ್ಲಿಯೇ ಸರದಿಗೆ ಕಾದಿರಬಹುದು.

ಬಿಟ್, ಬೈಟ್‌ಗಳ ಬಗ್ಗೆ ನಿನ್ನ ಪುಸ್ತಕದಲ್ಲಿ ಇರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಎಂಟು ಬಿಟ್ಟಿಗೆ ಒಂದು ಬೈಟ್, ಅದರಲ್ಲಿ 256 ಬಗೆಯ ಮೌಲ್ಯಗಳು ಹಿಡಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಅಕ್ಷರದ ಮೇಲಿನ ಗುಣಿತ ಚಿಹ್ನೆಗೂ ಬೇರೆ ಮೂರು. ಹಾಗಾಗಿ "ಆಯಿ" ಎಂದು ನೀನು ಟೈಪು ಮಾಡಿದರೆ ಆ, ಯ, ಗುಡಿಸು ಸೇರಿ ಒಂಬತ್ತು ಬೈಟ್. "ಶಿರಸಿ"ಗೆ ಹದಿನೈದು. ಈ ಇಡೀ ಪತ್ರಕ್ಕೆ ಮೂವತ್ತು ನಲವತ್ತು ಸಾವಿರ ಬೈಟ್ ಆಗಬಹುದು. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರ ನೂರು ಪಾಲು ಇರುತ್ತದೆ.

ಇದೇ ಪತ್ರವನ್ನು ನೆಟ್‌ವರ್ಕಿನಲ್ಲಿ ಕಳಿಸಿದರೆ ಅದು ಒಂದೇ ಲಕೋಟೆಯಲ್ಲಿ ಬರುವುದಿಲ್ಲ. ತಂತಿಯ ನೆಟ್‌ವರ್ಕಿನಲ್ಲಿ ಬಳಸುವ ಈಥರ್ನೆಟ್ಟಿನ ಒಂದು ಚೌಕಟ್ಟಿನಲ್ಲಿ ಸಾಮಾನ್ಯವಾಗಿ 1,500 ಬೈಟಿಗಿಂತ ಹೆಚ್ಚು ಹಿಡಿಯದಿರುವುದರಿಂದ ಪತ್ರವನ್ನು ಇಪ್ಪತ್ತಕ್ಕೂ ಹೆಚ್ಚು ತುಂಡು ಮಾಡಿ, ಪ್ರತಿಯೊಂದಕ್ಕೂ ಕ್ರಮಸೂಚಕ ಅಂಕಿ ಮತ್ತು ವಿಳಾಸ ಬರೆದು ಕಳಿಸುತ್ತಾರೆ. ಅವನ್ನೇ ಪ್ಯಾಕೆಟ್ ಎನ್ನುವುದು. ಒಂದು ಕಳೆದುಹೋದರೆ ಆ ಒಂದನ್ನಷ್ಟೇ ಮತ್ತೆ ತರಿಸಿಕೊಳ್ಳುವುದು ಟಿಸಿಪಿ ಎಂಬ ನಿಯಮದ ಹೊಣೆ. ವಿಳಾಸದ ವಿಷಯಕ್ಕೆ ಬಂದರೆ, ಇಂಟರ್‌ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಹಳೆಯ ಐಪಿ ವಿಳಾಸ 32 ಬಿಟ್ಟಿನದು. ಒಟ್ಟು ಸುಮಾರು 429 ಕೋಟಿ ವಿಳಾಸಗಳು, ಲೋಕದ ಜನಸಂಖ್ಯೆಗೂ ಸಾಲದು. ಆದ್ದರಿಂದ ಮನೆಯ ಹೊರಗಿನ ಲೋಕಕ್ಕೆ ರೂಟರಿನ ವಿಳಾಸವೊಂದೇ ಕಾಣುತ್ತದೆ, ಒಳಗೆ ಫೋನು, ಟಿವಿ, ಲ್ಯಾಪ್‌ಟಾಪುಗಳು 192.168 ಎಂದು ಆರಂಭವಾಗುವ ಒಳವಿಳಾಸ ಇಟ್ಟುಕೊಂಡಿರುತ್ತವೆ. ನಮ್ಮ ಊರಿನ ಚದುರಿದ ಮನೆಗಳ ಕಾಗದಗಳೆಲ್ಲ ಅಂಗಡಿ ಕಟ್ಟೆಗೆ ಬಂದು, ಅಂಗಡಿಯವರು ಯಾರದ್ದು ಯಾವುದೆಂದು ಹಂಚುವುದಿಲ್ಲವೇ, ರೂಟರ್ ಮಾಡುವುದೂ ಅದನ್ನೇ. ಹೊಸ ಐಪಿ ವಿಳಾಸಕ್ಕೆ 128 ಬಿಟ್ ಇರುವುದರಿಂದ ಅಲ್ಲಿ ಈ ಕೊರತೆಯಿಲ್ಲ.

ದೂರದ ಲೆಕ್ಕ ಇಲ್ಲಿಯೂ ಮುಂದುವರಿಯುತ್ತದೆ. ಫೈಬರ್ ಎನ್ನುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿರಸಿಯಿಂದ ನಿನ್ನ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಎಂದರೆ ಅರ್ಧ ಮಿಲಿಸೆಕೆಂಡು. ಮುಂಬೈಯಲ್ಲಿ ಕಡಲಿಗಿಳಿಯುವ ಕೇಬಲ್ ಹಿಡಿದು ನ್ಯೂಯಾರ್ಕಿಗೆ ಹೋಗಬೇಕೆಂದರೆ ನೇರ ದೂರವೇ ಸುಮಾರು 12,500 ಕಿಲೋಮೀಟರ್, ಹೋಗಿ ಬರಲು ಕಡಿಮೆಯೆಂದರೂ 125 ಮಿಲಿಸೆಕೆಂಡು. ಕೇಬಲ್ ನೇರವಾಗಿ ಹೋಗುವುದಿಲ್ಲ, ದಾರಿಯಲ್ಲಿ ರೂಟರುಗಳೂ ಇವೆ, ಹಾಗಾಗಿ ಅದು ಇನ್ನೂರರ ಮೇಲೆಯೇ ಇರುತ್ತದೆ. ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಅದು ಆರು ವರ್ಷ! ಎಷ್ಟೇ ಹಣ ಕೊಟ್ಟು ವೇಗದ ಯೋಜನೆ ಹಾಕಿಸಿದರೂ ಬೆಳಕನ್ನು ಇನ್ನೂ ಜೋರಾಗಿ ಓಡಿಸಲಾಗುವುದಿಲ್ಲ. ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್ ತಮ್ಮ ಭಾಷಣಗಳಲ್ಲಿ ಸುಮಾರು ಒಂದಡಿ ಉದ್ದದ ತಂತಿಯ ತುಂಡುಗಳನ್ನು ಕೇಳುಗರಿಗೆ ಹಂಚಿ, ನ್ಯಾನೋಸೆಕೆಂಡು ಎಂದರೆ ಇಷ್ಟು ಎನ್ನುತ್ತಿದ್ದರು; ಅಷ್ಟು ಹೊತ್ತಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಕ್ರಮಿಸಬಲ್ಲ ದೂರ ಅದು. ಕ್ಯಾಶನ್ನು ಪ್ರೊಸೆಸರಿನ ಒಳಗೇ ಯಾಕೆ ಇಡುತ್ತಾರೆ ಎಂಬುದಕ್ಕೆ ಒಂದು ಕಾರಣ ಆ ತಂತಿಯಲ್ಲಿಯೇ ಇದೆ.

ಹಾಗಾದರೆ ಇಂಟರ್‌ನೆಟ್ ಯೋಜನೆಗಳಲ್ಲಿ ಎಂಬಿಪಿಎಸ್, ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಎಂದು ಮಾರುವುದು ಏನನ್ನು? ಅದು ದಾರಿಯ ಅಗಲ, ದಾರಿಯ ಉದ್ದವಲ್ಲ. ಅದರಲ್ಲಿಯೂ ಅದು ಬಿಟ್ಟಿನ ಲೆಕ್ಕ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್ ಮಾತ್ರ. ನಿನ್ನ ಅಪ್ಪಯ್ಯ ತೆಗೆದ ಯಕ್ಷಗಾನದ ವಿಡಿಯೊಗಳೆಲ್ಲ ಒಂದು ಟಿಬಿಯ ಡಿಸ್ಕಿನಲ್ಲಿ ತುಂಬಿ ಕುಳಿತಿವೆ. ಅವನ್ನು ಆ ವೇಗದಲ್ಲಿ ಕಳಿಸಲು ಎರಡು ದಿನಕ್ಕೂ ಹೆಚ್ಚು, 55 ಗಂಟೆ ಬೇಕು. ಅದೇ ಡಿಸ್ಕನ್ನು ಹುಬ್ಬಳ್ಳಿ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕೊಟ್ಟರೆ ಮೂರು ಗಂಟೆಯಲ್ಲಿ ನಿನ್ನ ಹಾಸ್ಟೆಲಿನಲ್ಲಿರುತ್ತದೆ. ಬಸ್ಸು ತುಂಬ ಅಗಲವಾದ ದಾರಿ, ಆದರೆ ಮೊದಲ ಬೈಟ್ ಮುಟ್ಟುವುದಕ್ಕೂ ಮೂರು ಗಂಟೆ ಕಾಯಬೇಕು. ವಿಡಿಯೊ ಕರೆಯಲ್ಲಿ ಮಾತು ಅಡ್ಡಡ್ಡ ಬೀಳುವುದಕ್ಕೂ ದೊಡ್ಡ ಫೈಲು ನಿಧಾನವಾಗಿ ಇಳಿಯುವುದಕ್ಕೂ ಮದ್ದು ಬೇರೆ ಬೇರೆ ಎಂಬುದನ್ನು ಈ ಬಸ್ಸಿನಿಂದ ಊಹಿಸಿಕೊ.

ಮೊನ್ನೆಯ ಸಿಡಿಲಿಗೆ ನಮ್ಮ ರೂಟರ್ ಸುಟ್ಟಿತು ಎಂದು ಹೇಳಲು ಮರೆತಿದ್ದೆ. ಪ್ಲಗ್ ಕಿತ್ತಿಟ್ಟಿದ್ದೆ, ಹಳೆಯ ಟೆಲಿಫೋನ್ ತಾಮ್ರದ ತಂತಿ ಮಾತ್ರ ಹಾಗೆಯೇ ಇತ್ತು, ಅದರಲ್ಲಿಯೇ ಬಂತು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದ್ದರಿಂದ ಈ ಸಲ ಫೈಬರ್ ಹಾಕಿಸುವುದೆಂದು ನಿಶ್ಚಯಿಸಿದ್ದೇವೆ.

ಒಂದು ಕೆಲಸ ಮಾಡು. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂದು ಬರೆದು (ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಎಂದು ಅದು ತೋರಿಸುತ್ತದೆ) ಮೊದಲು 127.0.0.1 ಕೊಡು, ಅದು ನಿನ್ನದೇ ಯಂತ್ರ. ಆಮೇಲೆ ಹಾಸ್ಟೆಲಿನ ರೂಟರಿನ ವಿಳಾಸ, ಕೊನೆಗೆ ಅಮೆರಿಕದಲ್ಲಿರುವ ಯಾವುದಾದರೂ ವಿಶ್ವವಿದ್ಯಾಲಯದ ಜಾಲತಾಣ. ಆ ಕೊನೆಯದಕ್ಕೆ ಹತ್ತು ಇಪ್ಪತ್ತು ಮಿಲಿಸೆಕೆಂಡಿನೊಳಗೆ ಅಂಕಿ ಬಂದರೆ ಉತ್ತರ ಅಮೆರಿಕದಿಂದ ಬಂದದ್ದಲ್ಲ, ಹತ್ತಿರದಲ್ಲಿ ಯಾರೋ ಪ್ರತಿ ಇಟ್ಟಿದ್ದಾರೆ ಎಂದು ತಿಳಿ. ಜಗುಲಿಯ ಹೆಡಿಗೆಯ ಉಪಾಯವೇ ಅಲ್ಲಿಯೂ. ಮೂರು ಅಂಕಿಗಳನ್ನು ಬರೆದಿಟ್ಟುಕೊ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗುಡ್ಡದ ಮೇಲಿನ ಗೇರುಮರದ ಹತ್ತಿರ ಬಂದು ಫೋನ್ ಮಾಡುತ್ತೇನೆ, ಆಗ ಹೇಳು.

ನಿನ್ನ ಆಯಿ